ಅಧ್ಯಾಯ ಮುಗಿಸುವುದೂ ಅರ್ಥ ಹುಡುಕುವುದೂ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸತ್ಯವೇದದ ಓದು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕ್ರೈಸ್ತರಲ್ಲಿ ಸತ್ಯವೇದ ಇಲ್ಲದ ಮನೆ ಅಪರೂಪ. ದಿನವೂ ಅದನ್ನು ತೆರೆಯುವವರೂ ಬಹಳ ಮಂದಿ. ಪ್ರೊಟೆಸ್ಟೆಂಟರ ಬೈಬಲಿನಲ್ಲಿರುವುದು 66 ಪುಸ್ತಕ, 1,189 ಅಧ್ಯಾಯ. ವಾರದ ದಿನಗಳಲ್ಲಿ ಮೂರು ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೊಮ್ಮೆ ಪೂರ್ತಿ ಮುಗಿಯುತ್ತದೆ ಎಂಬ ಲೆಕ್ಕ ಸಂಡೇ ಸ್ಕೂಲಿನ ಮಕ್ಕಳಿಗೂ ಬಾಯಿಪಾಠ. ಹಾಗೆ ಹತ್ತಾರು ಸಲ ಮುಗಿಸಿದ ಹಿರಿಯರಿಗೆ ಸಭೆಗಳಲ್ಲಿ ವಿಶೇಷ ಮರ್ಯಾದೆ, ಅದು ಸಲ್ಲಬೇಕಾದದ್ದೇ. ಆದರೆ ಅದೇ ಸಭೆಯಲ್ಲಿ ನಿಂತು, ಪೌಲನು ಗಲಾತ್ಯದವರಿಗೆ ಇಷ್ಟು ಸಿಟ್ಟಿನಿಂದ ಬರೆದದ್ದು ಯಾಕೆ ಎಂದು ಕೇಳಿ ನೋಡಿ. ಎಲ್ಲರ ಕಣ್ಣೂ ಸಭಾಪಾಲಕರಾದ ಅಯ್ಯನವರ ಕಡೆ ತಿರುಗುತ್ತದೆ. ಓದುವುದು ನಮ್ಮ ಪಾಲು, ಅರ್ಥ ಹೇಳುವುದು ಅಯ್ಯನವರ ಪಾಲು ಎಂಬ ಹಂಚಿಕೆ ಎಷ್ಟು ಹಳೆಯದೆಂದರೆ, ಅದನ್ನು ಯಾರೂ ಹಂಚಿಕೆ ಎಂದು ಗುರುತಿಸುವುದೂ ಇಲ್ಲ.

ಎರಡು ಶತಮಾನಗಳ ದುಡಿಮೆಯಿಂದ ಕನ್ನಡದಲ್ಲಿ ಸತ್ಯವೇದದ ಓದು ಮನೆಮನೆಗೆ ಬಂತು. ಅಧ್ಯಯನ ಮಾತ್ರ ಸೆಮಿನರಿಯ ಗೋಡೆಯೊಳಗೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಉಳಿಯಿತು. ಇದಕ್ಕೆ ಭಕ್ತಿಯ ಕೊರತೆ ಕಾರಣವಲ್ಲ. ಓದುವುದಕ್ಕೆ ಬೇಕಾದ ಪುಸ್ತಕವನ್ನು ಹಳ್ಳಿಗೆ ತಲುಪಿಸಲು ಪಟ್ಟ ಶ್ರಮದ ಅರ್ಧದಷ್ಟನ್ನೂ, ಆ ಪುಸ್ತಕವನ್ನು ಪ್ರಶ್ನೆ ಕೇಳಿ ಅರಿಯುವ ಸಾಧನಗಳನ್ನು ತಲುಪಿಸಲು ಪಟ್ಟಿಲ್ಲ ಎಂಬುದು ಕಾರಣ.

ಈ ಸೀಮೆಗೆ ಕ್ರೈಸ್ತ ಬೋಧನೆ ಮೊದಲು ಬಂದದ್ದು ಪುಸ್ತಕವಾಗಿ ಅಲ್ಲ, ಧ್ವನಿಯಾಗಿ. ಕನ್ನಡ ನಾಡಿನಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಾಮಿ 17ನೇ ಶತಮಾನದ ನಡುವೆ ಶ್ರೀರಂಗಪಟ್ಟಣದಿಂದ ಮೈಸೂರು ಮಿಷನ್ ಆರಂಭಿಸಿ, ಕನ್ನಡದಲ್ಲಿ ಧರ್ಮೋಪದೇಶದ ಬರಹಗಳನ್ನು ಸಿದ್ಧಪಡಿಸಿದ. ಚಿಕ್ಕಬಳ್ಳಾಪುರದ ಕಡೆಗೆ 18ನೇ ಶತಮಾನದ ಮೊದಲ ವರ್ಷಗಳಲ್ಲಿ ಬಂದವರು ಫ್ರೆಂಚ್ ಯೇಸುಸಭೆಯ ಕರ್ನಾಟಿಕ್ ಮಿಷನ್ನಿನವರು. ಪುಂಗನೂರು ಮೊದಲಾದ ಊರುಗಳ ಜೊತೆಗೆ ಈ ಊರೂ ಅವರ ನೆಲೆಗಳಲ್ಲಿ ಒಂದಾಗಿತ್ತು. ಅವರು ಯೂರೋಪಿಗೆ ಬರೆದ ಪತ್ರಗಳಲ್ಲಿ ಇದು ತೆಲುಗಿನ ರೂಢಿಯಂತೆ ಚಿನ್ನಬಳ್ಳಾಪುರ. ತೆಲುಗು, ಕನ್ನಡ ಎಂಬ ಇಲ್ಲಿನ ಮಾತಿನ ಕವಲು ಆಗಲೇ ಇತ್ತು. ಆ ಪಾದ್ರಿಗಳು ಜನರಿಗೆ ಕಲಿಸಿದ್ದು ಜಪ, ವಿಶ್ವಾಸ ಪ್ರಮಾಣ, ಹತ್ತು ಆಜ್ಞೆ, ಯೇಸುವಿನ ಕಥೆ. ಜನ ಕೇಳಿ ಕಂಠಪಾಠ ಮಾಡಿದರು.

ಕೇಳಿ ಕಲಿತದ್ದು ಕಡಿಮೆ ಕಲಿಕೆ ಎಂದು ತಿಳಿಯಬೇಕಾಗಿಲ್ಲ. ಸತ್ಯವೇದದಲ್ಲೇ ನೆಹೆಮೀಯನ ಎಂಟನೆಯ ಅಧ್ಯಾಯವಿದೆ: ಯೆರೂಸಲೇಮಿನ ನೀರುಬಾಗಿಲ ಮುಂದೆ ಎಜ್ರ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ, ಲೇವಿಯರು ಜನರ ನಡುವೆ ನಿಂತು ಅದರ ತಾತ್ಪರ್ಯ ಬಿಡಿಸಿ ಹೇಳುತ್ತಾರೆ. ಒಬ್ಬರು ಕುಮಾರವ್ಯಾಸ ಭಾರತ ವಾಚಿಸುತ್ತಿದ್ದರೆ ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುವ ಗಮಕದ ಹಾಗೆಯೇ ಇದು. ಅಪೊಸ್ತಲರ ಕೃತ್ಯಗಳಲ್ಲಿ ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದಾಗ ಫಿಲಿಪ್ಪ ಕೇಳಿದ್ದೂ ಒಂದೇ ಪ್ರಶ್ನೆ, ಓದಿದ್ದು ತಿಳಿಯುತ್ತಿದೆಯೇ ಎಂದು. ತಿಳಿಸಿಕೊಡುವವರು ಇಲ್ಲದೆ ಹೇಗೆ ತಿಳಿದೀತು ಎಂದು ಆತ ಒಪ್ಪಿಕೊಂಡ. ಓದು ಬೇರೆ, ಅರಿವು ಬೇರೆ ಎಂಬುದು ಆ ಗ್ರಂಥಕ್ಕೆ ಮೊದಲಿನಿಂದಲೂ ಗೊತ್ತಿರುವ ಸಂಗತಿ.

ಕನ್ನಡದಲ್ಲಿ ಪುಸ್ತಕ ಬಂದದ್ದು ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಭಾಷೆ ಕಲಿತು, ವಿಲಿಯಂ ರೀವ್ ಮತ್ತಿತರರೊಂದಿಗೆ ದುಡಿದು, ಸುಮಾರು ಹತ್ತು ವರ್ಷದಲ್ಲಿ ಹೊಸ ಒಡಂಬಡಿಕೆಯನ್ನೂ 1830ರ ದಶಕದ ಆರಂಭದಲ್ಲಿ ಇಡೀ ಬೈಬಲನ್ನೂ ಹೊರತಂದ. ಅದೇ ಕಾಲಕ್ಕೆ ಶ್ರೀರಾಂಪುರದಲ್ಲಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದ್ದ. ಅದಕ್ಕೂ ಮುಂಚೆ, 1812ರ ಬೆಂಕಿ ಅನಾಹುತದಲ್ಲಿ ಅಲ್ಲಿನ ಅಚ್ಚುಕೂಟವೇ ಸುಟ್ಟು, ಎಷ್ಟೋ ಭಾಷೆಗಳ ಕೈಬರಹಗಳೂ ಅಚ್ಚುಮೊಳೆಗಳೂ ಹಾಳಾಗಿದ್ದವು. ಬಳ್ಳಾರಿಯ ಅನುವಾದದ ಕನ್ನಡ ಮಂಗಳೂರಿನ ಬಾಸೆಲ್ ಮಿಷನ್ನಿನವರಿಗೆ ತೃಪ್ತಿ ಕೊಡಲಿಲ್ಲ. ಗಾಟ್‌ಫ್ರೀಡ್ ವೈಗ್ಲೆ, ಹರ್ಮನ್ ಮೋಗ್ಲಿಂಗ್, ಬೆಂಗಳೂರಿನ ಬೆಂಜಮಿನ್ ರೈಸ್ ಮೊದಲಾದವರ ಕೈಯಲ್ಲಿ ಅದು ತಿದ್ದುಪಡಿಗೊಂಡಿತು. ಆಮೇಲೂ ಪರಿಷ್ಕರಣೆ ನಿಲ್ಲಲಿಲ್ಲ. ಈಗ ಬೈಬಲ್ ಸೊಸೈಟಿಯ ಹಳೆಯ ಸತ್ಯವೇದದ ಪಕ್ಕದಲ್ಲೇ ಸರಳ ಕನ್ನಡದ ಅನುವಾದ ಸಿಗುತ್ತದೆ.

ಬೆಂಜಮಿನ್ ರೈಸ್ ಹೆಸರು ಬಂದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರ ಮಗ ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಹೊರತಂದರು. ಅದು ಅಂದಿನ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಕಲ್ಲುಗಳೂ ಅದರಲ್ಲಿವೆ. ಕೆರೆಯ ಏರಿಯ ಮೇಲೆ ನಿಂತ ಕಲ್ಲನ್ನು ಊರಿನವರು ತಲೆತಲಾಂತರದಿಂದ ಕಂಡಿದ್ದರು, ಅರಿಸಿನ ಕುಂಕುಮ ಇಟ್ಟು ಪೂಜಿಸಿಯೂ ಇದ್ದರು. ಅದರಲ್ಲಿ ಬರೆದಿರುವುದು ಏನು, ಯಾರ ಕಾಲದ್ದು, ಯಾವ ಗದ್ದೆಯನ್ನು ಯಾರಿಗೆ ಬಿಟ್ಟರು ಎಂದು ಕೇಳಿದಾಗ ಮಾತ್ರ ಕಲ್ಲು ಬಾಯಿಬಿಟ್ಟಿತು. ತಂದೆ ಬೈಬಲಿಗೆ, ಮಗ ಕಲ್ಲಿಗೆ ಕೊಟ್ಟದ್ದು ಒಂದೇ ಬಗೆಯ ಗಮನ. ಇನ್ನೊಬ್ಬ ಮಗ ಇ.ಪಿ. ರೈಸ್ 1915ರಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು.

ಲಂಡನ್ ಮಿಷನ್ನಿನ ಕೆಲಸ ಬೆಂಗಳೂರಿನಿಂದ ಬಡಗಣಕ್ಕೆ ಚಾಚಿ ಚಿಕ್ಕಬಳ್ಳಾಪುರದಲ್ಲಿ ಬೇರೂರಿತು, ಊರಿನ ಸಿ.ಎಸ್.ಐ. ಆಸ್ಪತ್ರೆ ಆ ಪರಂಪರೆಯದು. ತೆಂಕಣ ಕೋಲಾರದಲ್ಲಿ 1876–78ರ ಮಹಾಕ್ಷಾಮದ ಅನಾಥ ಮಕ್ಕಳನ್ನು ಸಾಕಿದ ಮಿಸ್ ಆನ್‌ಸ್ಟಿಯವರ ಸಂಸ್ಥೆ ಮುಂದೆ ಮೆಥೊಡಿಸ್ಟರ ಕೈಸೇರಿತು. ಈ ಮಿಷನ್ನುಗಳ ಹಳ್ಳಿಸಭೆಗಳಲ್ಲಿ ಬಹುಪಾಲು ಜನಕ್ಕೆ ಅಕ್ಷರ ಗೊತ್ತಿರಲಿಲ್ಲ. ಹಾಗಾಗಿ ಮೊದಲ ಗುರಿ ಓದಲು ಕಲಿಸುವುದೇ ಆಗಿತ್ತು. ಉಪದೇಶಿಗಳು ಹಗಲು ಶಾಲೆ ನಡೆಸಿದರು, ಬೈಬಲ್ ವುಮೆನ್ ಎಂದು ಕರೆಸಿಕೊಂಡ ಹೆಂಗಸರು ಮನೆಮನೆಗೆ ಹೋಗಿ ವಚನ ಕಲಿಸಿದರು. ಶಾಲೆಯ ಮೆಟ್ಟಿಲು ಹತ್ತಲು ಬಿಡದ ಜಾತಿಯ ಹುಡುಗಿಯೊಬ್ಬಳು ಮಾರ್ಕನ ಸುವಾರ್ತೆಯನ್ನು ಕಾಗುಣಿತ ಕೂಡಿಸಿ ಓದಿದಾಗ ಅವಳ ಮನೆಯಲ್ಲಿ ಆದದ್ದು ಸಣ್ಣ ಸಂಗತಿಯಲ್ಲ. ಓದು ಮತ್ತು ಅಧ್ಯಯನ ಎಂದು ಗೆರೆ ಎಳೆಯುವಾಗ ಇದನ್ನು ಮರೆತರೆ ಅನ್ಯಾಯ. ಓದುವುದೇ ಅಂದು ದೊಡ್ಡ ಜಯ.

ಅಧ್ಯಯನದ ಕಥೆ ಬೇರೆ ಊರುಗಳಲ್ಲಿ ನಡೆಯಿತು. ಮಂಗಳೂರಿನಲ್ಲಿ ಮೋಗ್ಲಿಂಗ್ 1840ರ ದಶಕದಲ್ಲೇ ಸೆಮಿನರಿ ಕಟ್ಟಿದ. ಬಾಸೆಲ್‌ಗೆ ಹೋಗಿ ಓದಿ ಬಂದ ಹರ್ಮನ್ ಆನಂದರಾವ್ ಕೌಂಡಿಣ್ಯ ಅಲ್ಲಿ ಪಾಠ ಹೇಳಿದರು. ಮೋಗ್ಲಿಂಗ್ ಅಲ್ಲಿಂದಲೇ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚುಹಾಕಿಸಿದ್ದು ಕನ್ನಡಿಗರಿಗೆಲ್ಲ ಗೊತ್ತು. ಕಿಟೆಲ್ 1894ರ ನಿಘಂಟಿಗೆ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂದು ಕನ್ನಡದ ಛಂದಸ್ಸಿನಲ್ಲಿ ಬರೆದ. ತುಮಕೂರಿನಲ್ಲಿ ಕನ್ನಡ ಸಭೆಗಳು ಕೂಡಿ ನಡೆಸಿದ ಯೂನಿಯನ್ ಕೆನರೀಸ್ ಸೆಮಿನರಿ ಇತ್ತು. ಅದರ ಕೆಲಸ ಮುಂದೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿಗೆ ಸೇರಿತು. ಇಂದಿಗೂ ಕನ್ನಡದಲ್ಲಿ ಸಭಾಪಾಲಕರನ್ನು ತಯಾರು ಮಾಡುವ ಮುಖ್ಯ ಜಾಗ ಅದೇ. ಬೆಂಗಳೂರಿನಲ್ಲಿ 1910ರಲ್ಲಿ ಹುಟ್ಟಿದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇಂಗ್ಲಿಷಿನದು.

ಈ ಸಾಲಿನಲ್ಲಿ ನಾನು ಎಲ್ಲರಿಗಿಂತ ಹೆಚ್ಚು ನೆನೆಯುವುದು ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು (1881–1962). ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಹಾಕಿ, ಓಲೆ ಮತ್ತು ಬಾಯಿಮಾತಿನ ಪಾಠಗಳನ್ನು ಹೋಲಿಸಿ ಸಂಪಾದಿಸಿದವರು ಅವರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಒಬ್ಬ ಸಭಾಪಾಲಕ ತನ್ನದಲ್ಲದ ಪರಂಪರೆಯ ಪದ್ಯಕ್ಕೆ ಇಷ್ಟು ತಾಳ್ಮೆ ಕೊಟ್ಟರೆ, ಅಧ್ಯಯನ ಎಂದರೇನು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಯಾವ ಪಾಠ ಹಳೆಯದು, ಯಾವುದು ಆಮೇಲೆ ಸೇರಿದ್ದು, ಯಾವ ಸಂದರ್ಭದ ಮಾತು ಎಂದು ಕೇಳುವ ಅದೇ ತಾಳ್ಮೆ ಸತ್ಯವೇದದ ಪುಟಕ್ಕೂ ಬೇಕು. ಅವರ ದಾರಿಯಲ್ಲಿ ಕನ್ನಡ ಸಭೆಗಳು ಹೆಚ್ಚು ದೂರ ನಡೆಯಲಿಲ್ಲ.

ಕಥೋಲಿಕರಲ್ಲಿ ಬದಲಾವಣೆ ತಡವಾಗಿ, ಆದರೆ ರಭಸದಿಂದ ಬಂತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ದೈವವಾಕ್ಯದ ಬಗ್ಗೆ ಹೊರಡಿಸಿದ ದಾಖಲೆ, ಧರ್ಮಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ಅಗಲವಾಗಿ ತೆರೆದಿರಬೇಕು ಎಂದಿತು. ಲ್ಯಾಟಿನ್ನಿನಲ್ಲಿದ್ದ ಬಲಿಪೂಜೆ ಕನ್ನಡಕ್ಕೆ ಬಂತು, ಶುಭಸಂದೇಶದ ವಾಚನಗಳು ಮೂರು ವರ್ಷದ ಸುತ್ತಿಗೆ ಹೊಂದಿಕೊಂಡವು. ಡಿ.ಎಸ್. ಅಮಲೋರ್ಪವದಾಸ್ 1967ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎನ್.ಬಿ.ಸಿ.ಎಲ್.ಸಿ. ಕೇಂದ್ರ ಬೈಬಲ್ ತರಬೇತಿಯನ್ನು ಗುರುಗಳಿಗಷ್ಟೇ ಅಲ್ಲದೆ ಧರ್ಮಭಗಿನಿಯರಿಗೂ ಸಾಮಾನ್ಯ ವಿಶ್ವಾಸಿಗಳಿಗೂ ಕೊಟ್ಟಿತು. ಚಿಕ್ಕಬಳ್ಳಾಪುರ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದರಿಂದ ಆ ಗಾಳಿ ಇಲ್ಲಿಗೂ ಬೀಸಿತು.

ಪ್ರೊಟೆಸ್ಟೆಂಟರ ಕಡೆ ಎರಡು ಹೊಸ ದಾರಿ ಕಾಣಿಸಿದವು. ಗ್ವಾಟೆಮಾಲದಲ್ಲಿ 1963ರಲ್ಲಿ ಶುರುವಾದ, ಸೆಮಿನರಿಯೇ ಹಳ್ಳಿಯವರ ಬಳಿಗೆ ಹೋಗುವ ವಿಸ್ತರಣಾ ಶಿಕ್ಷಣವನ್ನು ಬೆಂಗಳೂರಿನ ಟ್ಯಾಫ್ಟೀ ಸಂಸ್ಥೆ 1971ರಲ್ಲಿ ಇಲ್ಲಿಗೆ ತಂದಿತು: ಮನೆಯಲ್ಲಿ ಪಾಠ ಓದಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕೂತು ಚರ್ಚೆ. ಇನ್ನೊಂದು, ಅಮೆರಿಕದ ರಾಬರ್ಟ್ ಟ್ರೈನಾ 1952ರ ಪುಸ್ತಕದಲ್ಲಿ ವಿವರವಾಗಿ ಬರೆದ ಕ್ರಮ. ಮೊದಲು ಪಠ್ಯದಲ್ಲಿ ಏನಿದೆ ಎಂದು ನೋಡು, ಆಮೇಲೆ ಅಂದಿನವರಿಗೆ ಅದರ ಅರ್ಥವೇನಿತ್ತು ಎಂದು ಕೇಳು, ಕೊನೆಗೆ ನಮಗೇನು ಎಂದು ಯೋಚಿಸು. ಈ ಬಗೆಯ ಬೈಬಲ್ ಸ್ಟಡಿ 1954ರಲ್ಲಿ ಹುಟ್ಟಿದ ಯು.ಇ.ಎಸ್.ಐ. ವಿದ್ಯಾರ್ಥಿ ಕೂಟಗಳ ಮೂಲಕ ಕಾಲೇಜುಗಳಲ್ಲಿ ಹರಡಿತು. ಚಿಂತಾಮಣಿಯಿಂದ ಬೆಂಗಳೂರಿಗೆ ಓದಲು ಹೋದ ಹುಡುಗ ಹುಡುಗಿಯರು ಇದನ್ನು ಕಲಿತರು. ಕಲಿತದ್ದು ಇಂಗ್ಲಿಷಿನಲ್ಲಾದ್ದರಿಂದ ಊರಿನ ಮನೆಕೂಟದಲ್ಲಿ ಅಜ್ಜಿಗೆ ಹೇಳಿಕೊಡಲು ಮಾತು ಸಿಗಲಿಲ್ಲ. ಇದನ್ನು ನಾನು ದೊಡ್ಡ ನಷ್ಟವೆಂದೇ ಎಣಿಸುತ್ತೇನೆ.

ಕ್ರಮ ಏನು ಮಾಡಬಲ್ಲದು ಎಂಬುದಕ್ಕೆ ಒಂದು ವಚನ ತೆಗೆದುಕೊಳ್ಳೋಣ. ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆಯಲ್ಲಿ ಸಭೆಗಳು ವಾಗ್ದಾನದ ಕಾರ್ಡು ಹಂಚುತ್ತವೆ. ಅದರಲ್ಲಿ ಪದೇಪದೇ ಬರುವುದು ಯೆರೆಮೀಯ 29:11, ದೇವರು ನಮ್ಮ ಹಿತಕ್ಕಾಗಿಯೇ ಆಲೋಚನೆ ಇಟ್ಟುಕೊಂಡಿದ್ದಾನೆ, ಮುಂದಿನ ದಿನಗಳಿಗೆ ನಿರೀಕ್ಷೆ ಇದೆ ಎಂಬ ವಚನ. ಮಗಳ ಪರೀಕ್ಷೆಗೆ, ಸಾಲ ತೀರಲಿಕ್ಕೆ, ಕಾಯಿಲೆ ವಾಸಿಯಾಗಲಿಕ್ಕೆ ಅದನ್ನು ಹಿಡಿದು ಪ್ರಾರ್ಥಿಸುತ್ತಾರೆ. ತಪ್ಪೇನಿಲ್ಲ. ಆದರೆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಅದು ಕಾರ್ಡಲ್ಲ, ಕಾಗದ ಎಂದು ಗೊತ್ತಾಗುತ್ತದೆ. ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆ ಹೋದವರಿಗೆ ಯೆರೂಸಲೇಮಿನಿಂದ ಯೆರೆಮೀಯ ಬರೆದು, ಅರಸನ ದೂತರ ಕೈಯಲ್ಲಿ ಕಳಿಸಿದ ಕಾಗದ. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲರೂ ಊರಿಗೆ ಮರಳುತ್ತಾರೆ ಎಂದು ಜನರಿಗೆ ಹಿತವಾದದ್ದನ್ನು ಹೇಳಿದ್ದಾನೆ. ಯೆರೆಮೀಯ ಹೇಳುವುದು ಎಪ್ಪತ್ತು ವರ್ಷ. ಅಂದರೆ ಕಾಗದ ಓದಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಸಾಯುತ್ತಾರೆ. ಅಲ್ಲಿಯವರೆಗೆ ಅವರು ಮಾಡಬೇಕಾದ್ದೇನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯೊಯ್ದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತಾನೆ.

ಹನ್ನೊಂದನೆಯ ವಚನ ಹೀಗೆ ಒಬ್ಬ ವ್ಯಕ್ತಿಗೆ ಸಿಕ್ಕ ಭರವಸೆಯಲ್ಲ, ಊರು ಕಳೆದುಕೊಂಡ ಇಡೀ ಜನಕ್ಕೆ ಹೇಳಿದ ಮಾತು. ಬೇಗ ಒಳ್ಳೆಯದಾಗುತ್ತದೆ ಎನ್ನುವ ಪ್ರವಾದಿಯನ್ನು ನಂಬಬೇಡಿ ಎಂಬ ಎಚ್ಚರಿಕೆಯ ಮಗ್ಗುಲಲ್ಲೇ ಕೂತಿದೆ. ವಚನಗಳಿಗೆ ಸಂಖ್ಯೆ ಹಾಕಿದ್ದು ತೀರ ಈಚಿನದು. ಅಧ್ಯಾಯದ ವಿಭಾಗ 13ನೇ ಶತಮಾನದ ಆರಂಭದ್ದು, ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆ ಬಂದದ್ದು ರಾಬರ್ಟ್ ಎತಿಯೆನ್ 1551ರಲ್ಲಿ ಅಚ್ಚುಹಾಕಿದ ಪ್ರತಿಯಿಂದ. ಹುಡುಕಲು ಅನುಕೂಲವಾಗಲಿ ಎಂದು ಹಾಕಿದ ಗೆರೆ, ಕಿತ್ತು ತೆಗೆಯಲೂ ಅನುಕೂಲವಾಯಿತು. ಇಷ್ಟು ತಿಳಿದ ಮೇಲೆ ಕಾರ್ಡಿನ ವಚನ ಸಣ್ಣದಾಗುತ್ತದೆಯೇ? ನನಗೆ ಹಾಗನ್ನಿಸಿಲ್ಲ. ಬೆಂಗಳೂರಿನ ಗಾರ್ಮೆಂಟ್ ಕೆಲಸಕ್ಕೆ ಊರು ಬಿಟ್ಟು ಹೋದವರಿಗೆ ಇಡೀ ಕಾಗದ ಓದಿ ಹೇಳಿದರೆ, ಒಂದು ವಚನಕ್ಕಿಂತ ಎಷ್ಟೋ ಹೆಚ್ಚು ಕೈಗೆ ಸಿಗುತ್ತದೆ.

ಅಧ್ಯಯನ ಬೆಳೆದಂತೆ ಇನ್ನೊಂದು ಪ್ರಶ್ನೆಯೂ ಎದ್ದಿತು: ಓದುವವರು ಯಾರು? ಮಂಗಳೂರಿನ ಸೆಮಿನರಿಗೆ 1950ರ ದಶಕದಲ್ಲಿ ಪ್ರಿನ್ಸಿಪಾಲರಾಗಿದ್ದ, ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ, ಏಷ್ಯಾದ ಕ್ರೈಸ್ತರು ಬೇರೆ ಧರ್ಮಗ್ರಂಥಗಳ ನಡುವೆ ಬದುಕುತ್ತಾ ತಮ್ಮ ಗ್ರಂಥವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಎಂದು ಬರೆದರು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ 1980ರ ದಶಕದ ಮೊದಲಲ್ಲಿ ಎ.ಪಿ. ನಿರ್ಮಲ್ ದಲಿತ ದೇವಶಾಸ್ತ್ರಕ್ಕೆ ಅಡಿಪಾಯ ಹಾಕಿದರು. ಅವರು ಹಿಡಿದ ಪಠ್ಯ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯ. ಗತಿಯಿಲ್ಲದೆ ಅಲೆದ ಪೂರ್ವಜನನ್ನು ನೆನೆಯುತ್ತಾ ಇಸ್ರೇಲ್ ಜನ ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವ ಭಾಗ. ಈ ಸೀಮೆಯ ಬಹಳಷ್ಟು ಕ್ರೈಸ್ತ ಕುಟುಂಬಗಳು ದಲಿತ ಸಮುದಾಯಗಳಿಂದ ಬಂದವು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಆರೋಪಿಗಳು ನ್ಯಾಯಾಲಯದಲ್ಲಿ ಖುಲಾಸೆಯಾದರು. ಇಂಥ ನೆಲದಲ್ಲಿ ಆಮೋಸನ ಪುಸ್ತಕವನ್ನೋ, ನ್ಯಾಯಕ್ಕಾಗಿ ಕೂಗುವ ಕೀರ್ತನೆಗಳನ್ನೋ ದಿನದ ಮೂರು ಅಧ್ಯಾಯದ ಲೆಕ್ಕದಲ್ಲಿ ದಾಟಿ ಹೋಗುವುದು ನನಗೆ ಸಹಿಸಲಾಗದ ಸಂಗತಿ. ಅಲ್ಲಿ ನಿಲ್ಲಬೇಕು.

ಈಗ ಮೊಬೈಲಿನಲ್ಲಿ ಕನ್ನಡದ ಹಲವು ಅನುವಾದಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು, ತೆಲುಗು ಬೈಬಲನ್ನೂ ಜೊತೆಗಿಡಬಹುದು. ಹಿಂದೂಪುರದ ಮಗ್ಗುಲಿನ ಗೌರಿಬಿದನೂರಿನವರಿಗೆ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕಲಿತವರಿಗೆ, ಇದು ಬೇರೆಯವರಿಗಿಲ್ಲದ ಅನುಕೂಲ: ಎರಡು ಅನುವಾದ ಎಲ್ಲಿ ಬೇರೆ ದಾರಿ ಹಿಡಿಯುತ್ತವೋ ಅಲ್ಲೇ ಒಂದು ಪ್ರಶ್ನೆ ಇರುತ್ತದೆ. ಆದರೆ ಅದೇ ಮೊಬೈಲಿನಲ್ಲಿ ಯೂಟ್ಯೂಬ್ ಪ್ರಸಂಗಗಳು ಹಗಲಿರುಳು ಹರಿಯುತ್ತವೆ, ಪ್ರಸಂಗ ಕೇಳುವುದೇ ಅಧ್ಯಯನ ಎಂಬ ಭಾವನೆ ಬೆಳೆಯುತ್ತಿದೆ. ಬೆರೋಯದವರನ್ನು ಅಪೊಸ್ತಲರ ಕೃತ್ಯಗಳು ಹೊಗಳುವುದು ಪೌಲನ ಮಾತನ್ನು ಕೇಳಿದ್ದಕ್ಕಷ್ಟೇ ಅಲ್ಲ, ಅವನು ಹೇಳಿದ್ದು ನಿಜವೋ ಎಂದು ದಿನವೂ ಗ್ರಂಥ ತೆರೆದು ಪರೀಕ್ಷಿಸಿದ್ದಕ್ಕೆ.

ಕೊರತೆ ಇರುವುದು ಕನ್ನಡದಲ್ಲೇ ಯೋಚಿಸಿ ಬರೆದ ಭಾಷ್ಯಗಳಲ್ಲಿ, ಸಾಮಾನ್ಯ ಓದುಗರ ಕೈಗೆಟುಕುವ ನಕ್ಷೆ, ಕಾಲಸೂಚಿ, ಪದಸೂಚಿಗಳಲ್ಲಿ. ಸಮಯದ್ದೂ ಕೊರತೆ. ಶಿಡ್ಲಘಟ್ಟದ ಕಡೆ ನಾಲ್ಕನೇ ಜ್ವರ ದಾಟಿದ ರೇಷ್ಮೆ ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದ ಮನೆಯಲ್ಲಿ ದಿನಕ್ಕೆ ಮೂರು ಅಧ್ಯಾಯವೇ ಹೆಚ್ಚು. ಅಂಥವರಿಗೆ ವಾರಕ್ಕೆ ಹತ್ತೇ ವಚನ ಸಾಕು ಎಂದು ಸಭಾಪಾಲಕರು ಧೈರ್ಯವಾಗಿ ಹೇಳಬೇಕು.

ಉದಾಹರಣೆಗೆ ಆದಿಕಾಂಡ 26ರ ಬಾವಿಗಳ ಕಥೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಸಿಗುವ ನಂಬಿಕೆಯಿಲ್ಲದ, ಬೆಂಗಳೂರಿನ ಸಂಸ್ಕರಿಸಿದ ನೀರಿನಿಂದ ಕೆರೆ ತುಂಬಿಸಿಕೊಳ್ಳುವ ಈ ಜಿಲ್ಲೆಯವರಿಗೆ ಆ ಕಥೆಯ ಜಗಳ ಯಾರೂ ವಿವರಿಸಬೇಕಾಗಿಲ್ಲ. ಅಬ್ರಹಾಮನ ಕಾಲದ ಬಾವಿಗಳಿಗೆ ಫಿಲಿಷ್ಟಿಯರು ಮಣ್ಣು ತುಂಬಿದ್ದಾರೆ. ಇಸಾಕ ಅವನ್ನು ಮತ್ತೆ ತೋಡಿಸುತ್ತಾನೆ. ಹೊಸದಾಗಿ ತೋಡಿದ ಎರಡು ಬಾವಿಗಳಿಗೂ ಜಗಳ ಬರುತ್ತದೆ, 22ನೆಯ ವಚನದಲ್ಲಿ ಮೂರನೆಯದಕ್ಕೆ ಯಾರೂ ಬರುವುದಿಲ್ಲ. ಪ್ರತಿ ಸಲವೂ ಇಸಾಕ ಬಿಟ್ಟುಕೊಟ್ಟು ಮುಂದೆ ಹೋಗಿದ್ದಾನೆ. ಪ್ರಸಂಗಗಳಲ್ಲಿ ಇದನ್ನು ತಾಳ್ಮೆಯ ಪಾಠವಾಗಿ ಹೇಳುವುದು ವಾಡಿಕೆ. ಊರಬಾವಿಯ ಹತ್ತಿರ ಸುಳಿಯಲು ಬಿಡದಿದ್ದ ಕೇರಿಯ ಅಜ್ಜಿಯೊಬ್ಬಳು, ಮುಂದೆ ಹೋಗಲು ಇಸಾಕನಿಗೆ ಜಾಗವಿತ್ತು, ನಮಗೆಲ್ಲಿತ್ತು ಎಂದು ಕೇಳಿದರೆ ಆ ಪಾಠ ಸಾಲುವುದಿಲ್ಲ. ಆಗ ಮತ್ತೆ ಪುಟಕ್ಕೆ ಹೋಗಬೇಕು. ಇಸಾಕ ಬಡವನಲ್ಲ, ಬಿತ್ತಿದ್ದರ ನೂರರಷ್ಟು ಬೆಳೆದವನು, ನಮಗಿಂತ ಬಲವಂತನಾಗಿದ್ದೀಯೆ ಎಂಬ ಕಾರಣಕ್ಕೇ ಅಬೀಮೆಲೆಕ ಹೊರಗೆ ಕಳಿಸಿದವನು ಎಂದು 12ರಿಂದ 16ರವರೆಗಿನ ವಚನಗಳು ಹೇಳುತ್ತವೆ. ಆಮೇಲೆ, 26ನೆಯ ವಚನದಿಂದ, ಅದೇ ಅಬೀಮೆಲೆಕ ತಾನಾಗಿ ಬಂದು ಒಪ್ಪಂದ ಕೇಳುತ್ತಾನೆ. ನನ್ನನ್ನು ದ್ವೇಷಿಸಿ ಕಳಿಸಿದವರು ಈಗ ಯಾಕೆ ಬಂದಿರಿ ಎಂದು ಇಸಾಕ ಮುಖದ ಮೇಲೆಯೇ ಕೇಳುತ್ತಾನೆ. ಅಜ್ಜಿಯ ಪ್ರಶ್ನೆಗೆ ಉತ್ತರ ಅಲ್ಲಿದೆಯೋ ಇಲ್ಲವೋ ಎಂಬುದರಲ್ಲಿ ಕೂಟದವರು ಒಪ್ಪದೆ ಹೋಗಬಹುದು. ಮುಂದಿನ ವಾರಕ್ಕೆ ಅವರು 27ನೆಯ ಅಧ್ಯಾಯ ತೆಗೆಯಬೇಕಾಗಿಲ್ಲ, ಇದನ್ನೇ ಮತ್ತೊಮ್ಮೆ ತೆಗೆಯಲಿ.